ಇಲಿಯ ಆತಂಕಕ್ಕೆ ಅಳತೆಗೋಲು

ವೈವಾ ದಿನ ನಮ್ಮ ಅಂಗೈ ಬೆವರುತ್ತೆ. "ಭಯ ಆಗ್ತಿದೆ ಕಣೋ" ಅಂತ ಪಕ್ಕದವನಿಗೆ ಹೇಳಿ ಹಗುರಾಗುತ್ತೇವೆ. ಪ್ರಯೋಗಶಾಲೆಯ ಇಲಿ ಯಾರಿಗೆ ಹೇಳಬೇಕು? ಆತಂಕದ ಔಷಧಿಗಳನ್ನು ಸಾಮಾನ್ಯವಾಗಿ ಮೊದಲು ಇಲಿಗಳ ಮೇಲೆಯೇ ಪರೀಕ್ಷಿಸುತ್ತಾರೆ. ಆದ್ದರಿಂದ ಅದರ ಭಯವನ್ನು ಅಳೆಯುವ ದಾರಿ ಬೇಕೇ ಬೇಕು.

ದಾರಿ ಇಲಿಯ ಸ್ವಭಾವದಲ್ಲೇ ಇದೆ. ಅಡಿಗೆಮನೆಯ ಇಲಿಯನ್ನು ನೋಡಿ: ಗೋಡೆಯಂಚು ಹಿಡಿದೇ ಓಡುತ್ತದೆ. ಬಯಲೆಂದರೆ ಅದಕ್ಕೆ ಬೆಕ್ಕು, ಗೂಬೆ, ಹದ್ದು. ಆದರೂ ಹೊಸ ಜಾಗ ಕಂಡರೆ ಮೂಸಿ ನೋಡುವ ಚಪಲ ಬಿಡದು. ಈ ಭಯ-ಕುತೂಹಲಗಳ ಜಗ್ಗಾಟವನ್ನೇ ವಿಜ್ಞಾನಿಗಳು ಅಳತೆಗೆ ಹಿಡಿದರು. 1934ರಲ್ಲಿ ಕ್ಯಾಲ್ವಿನ್ ಹಾಲ್ ಎಂಬವರು ದೊಡ್ಡ ಜಾತಿಯ ಇಲಿಗಳನ್ನು ತೆರೆದ ಅಂಗಳದಲ್ಲಿ ಬಿಟ್ಟು, ಅವು ಹಿಕ್ಕೆ ಹಾಕುವುದನ್ನು ಗಮನಿಸಿದರು. ನಗಬೇಡಿ; ಪರೀಕ್ಷೆಯ ಬೆಳಿಗ್ಗೆ ನಮ್ಮ ಹೊಟ್ಟೆಯ ಕಥೆ ಏನು ಬೇರೆಯೇ?

ಈಗ ಬಹಳ ಬಳಕೆಯಲ್ಲಿರುವುದು 'ಪ್ಲಸ್ ಮೇಜ್'. ನೆಲದಿಂದ ಸುಮಾರು 40-50 ಸೆಂ.ಮೀ. ಎತ್ತರದಲ್ಲಿ, ಕೂಡಿಸುವ ಚಿಹ್ನೆಯ ಆಕಾರದ ಹಲಗೆ. ಎದುರುಬದುರಿನ ಎರಡು ತೋಳುಗಳಿಗೆ ಗೋಡೆ ಉಂಟು, ಮಿಕ್ಕೆರಡು ಬೋಳು. ಇಲಿಯನ್ನು ನಡುವೆ ಬಿಟ್ಟು, 5 ನಿಮಿಷದಲ್ಲಿ ಅದು ಬೋಳು ತೋಳಿನ ಮೇಲೆ ಎಷ್ಟು ಸಲ ಹೋಯ್ತು, ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕ ಹಾಕುತ್ತಾರೆ. 1987ರಲ್ಲಿ ಲಿಸ್ಟರ್ ಇದನ್ನು ಪುಟ್ಟ ಇಲಿಗಳಿಗೆ ಹೊಂದಿಸಿದರು. ಡಯಾಜಿಪಾಮ್‌ನಂಥ ಔಷಧಿ ಕೊಟ್ಟರೆ ಇಲಿ ಬಯಲಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಸರಿ, ಅಳತೆಗೋಲು ಸಿಕ್ಕಿತು!

ಅಷ್ಟು ಸುಲಭವೇ? ಸುಮ್ಮನೆ ಚಟುವಟಿಕೆ ಹೆಚ್ಚಿದರೂ ಇಲಿ ಎಲ್ಲ ಕಡೆ ಓಡಾಡೀತು. ಅದಕ್ಕೇ ಗೋಡೆಯ ತೋಳಿಗೆ ಹೋದ ಸಲಗಳನ್ನೂ ಎಣಿಸಬೇಕು. ಇನ್ನು ಬುಸ್ಪಿರೋನ್ ಎಂಬ ಔಷಧಿ ಮನುಷ್ಯರ ಆತಂಕಕ್ಕೆ ಉಪಯೋಗದಲ್ಲಿದೆ. ಈ ಹಲಗೆಯ ಮೇಲೆ ಮಾತ್ರ ಅದರ ಫಲ ಒಮ್ಮೆ ಹೀಗೆ, ಒಮ್ಮೆ ಹಾಗೆ. ಇದನ್ನೇ ನಂಬಿದರೆ ಒಳ್ಳೆಯ ಔಷಧಿಯೂ ಫೇಲಾದೀತು.

1999ರಲ್ಲಿ ಕ್ರಾಬ್ ಮತ್ತು ಸಂಗಡಿಗರು ಆಲ್ಬನಿ, ಎಡ್ಮಂಟನ್, ಪೋರ್ಟ್‌ಲೆಂಡ್ ಊರುಗಳ ಮೂರು ಪ್ರಯೋಗಶಾಲೆಗಳಲ್ಲಿ ಒಂದೇ ತಳಿಗಳ ಇಲಿ, ಒಂದೇ ತರಹದ ಉಪಕರಣ, ಒಂದೇ ಕ್ರಮ ಇಟ್ಟು ನೋಡಿದರು. ಆದರೂ ಕೆಲವು ಪರೀಕ್ಷೆಗಳ ಫಲ ಊರಿಂದೂರಿಗೆ ಬೇರೆಯಾಯ್ತು. ಪ್ಲಸ್ ಮೇಜ್ ಅವುಗಳಲ್ಲೊಂದು. 2014ರಲ್ಲಿ ಇನ್ನೊಂದು ಸ್ವಾರಸ್ಯ ಹೊರಬಿತ್ತು: ಗಂಡಸರ ವಾಸನೆಯೊಂದೇ ಇಲಿಗಳಿಗೆ ಒತ್ತಡ ತರುತ್ತದೆ, ಹೆಂಗಸರದ್ದು ಹಾಗೆ ಮಾಡುವುದಿಲ್ಲ. ಅಂದರೆ, ಅಳೆಯುವವನೂ ಅಳತೆಯೊಳಗೆ ಸೇರಿಹೋದ!

ಆದ್ದರಿಂದಲೇ ಬಲ್ಲವರು 'ಇಲಿಯ ಆತಂಕ' ಎನ್ನುವುದಿಲ್ಲ, 'ಆತಂಕದಂಥ ವರ್ತನೆ' ಎನ್ನುತ್ತಾರೆ. ಕಂಡದ್ದು ಕಾಲಿನ ಓಟ. ಮನಸ್ಸು ನಮ್ಮ ಊಹೆ. 'ಅಂಥ' ಎಂಬ ಪುಟ್ಟ ಮಾತನ್ನು ಮರೆತರೆ, ಇಲಿ ಹೇಳದೇ ಇದ್ದದ್ದನ್ನು ನಾವೇ ಅದರ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಆ ಮಾತನ್ನು ನಂಬಿ ನಾಳೆ ಗುಳಿಗೆ ನುಂಗುವವರು ಮಾತ್ರ ನಾವು, ನೀವು.