ಕಬ್ಬಿಣಕ್ಕೆ ಮೂಗುದಾರ

ಗಾಣಗಾಪುರದಲ್ಲಿ ಭೀಮಾ ಮತ್ತು ಅಮರಜಾ ಕೂಡುವ ಸಂಗಮದ ಮರಳಿನಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಎಳೆದಾಡಿದರೆ ಅದರ ಮೈತುಂಬ ಕರಿ ಪುಡಿ ಮುಳ್ಳುಮುಳ್ಳಾಗಿ ನಿಲ್ಲುತ್ತದೆ. ಅದು ಮ್ಯಾಗ್ನಟೈಟ್, ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಖನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಆರಿ ಕರಿಗಲ್ಲಾಯಿತು. ಆ ಕಲ್ಲು ಸವೆದು ಹೊಲಕ್ಕೆ ಎರೆಮಣ್ಣು ಬಂತು, ಹೊಳೆಗೆ ಈ ಪುಡಿ ಬಂತು.

ಪುಡಿಯನ್ನು ಸೆಳೆದ ಸ್ಪೀಕರಿನ ಬಿಲ್ಲೆಯೂ ದೂರದ್ದೇನಲ್ಲ. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಬೆರೆಸಿ ಸುಟ್ಟ ಫೆರೈಟ್ ಅದು. ಆದರೆ ಮೊಬೈಲಿನ ಇಯರ್‌ಫೋನಿನಲ್ಲಿ, ವಿದ್ಯುತ್ ಸ್ಕೂಟರಿನ ಮೋಟಾರಿನಲ್ಲಿ ಇರುವುದು ನಿಯೋಡಿಮಿಯಂ ಅಯಸ್ಕಾಂತ. ಅಷ್ಟೇ ಗಾತ್ರದ ಫೆರೈಟಿಗಿಂತ ಅದರ ಶಕ್ತಿ ಸುಮಾರು ಹತ್ತು ಪಟ್ಟು. 1983ರ ಸುಮಾರಿಗೆ ಜಪಾನಿನಲ್ಲಿ ಮಸಾಟೊ ಸಗಾವಾ, ಅಮೆರಿಕದಲ್ಲಿ ಜಾನ್ ಕ್ರೋಟ್ ಬೇರೆಬೇರೆಯಾಗಿಯೇ ಇದನ್ನು ಮುಟ್ಟಿದರು.

ಇದರಲ್ಲಿ ಎರಡು ನಿಯೋಡಿಮಿಯಂ ಪರಮಾಣುಗಳಿಗೆ ಹದಿನಾಲ್ಕು ಕಬ್ಬಿಣ, ಒಂದು ಬೋರಾನ್. ಕಬ್ಬಿಣ ಸಂಕ್ರಮಣ ಲೋಹ. ಅದರ ಕಾಂತತೆಗೆ ಕಾರಣವಾದ ಎಲೆಕ್ಟ್ರಾನುಗಳು ಹೊರವಲಯದಲ್ಲಿದ್ದು, ನೆರೆಯ ಪರಮಾಣುಗಳೊಂದಿಗೆ ಬಿಗಿಯಾಗಿ ವ್ಯವಹರಿಸುತ್ತವೆ. ಹಾಗಾಗಿ 770 ಡಿಗ್ರಿ ಸೆಲ್ಸಿಯಸ್ ತನಕ ಕಬ್ಬಿಣದ ಕಾಂತತೆ ಅಳಿಯದು. ಅದರ ಕೊರತೆ ಬೇರೆ: ಇತ್ತ ತಿರುಗಿಸಿದರೆ ಇತ್ತ, ಅತ್ತ ತಿರುಗಿಸಿದರೆ ಅತ್ತ. ನಿಯೋಡಿಮಿಯಂ ವಿರಳ ಲೋಹ, ಪತ್ರಿಕೆಗಳು ‘ರೇರ್ ಅರ್ತ್’ ಎನ್ನುವ ಗುಂಪಿನದು. ಅದರ ಕಾಂತೀಯ ಎಲೆಕ್ಟ್ರಾನುಗಳು ಪರಮಾಣುವಿನ ಒಳಗೆ ಹುದುಗಿವೆ, ನೆರೆಹೊರೆಯ ಹಂಗಿಲ್ಲ. ಒಂಟಿಯಾಗಿ ಬಿಟ್ಟರೆ ಮೈನಸ್ 253 ಡಿಗ್ರಿಯಷ್ಟು ತಣ್ಣಗಾಗುವವರೆಗೂ ಅವು ಸಾಲುಗೂಡುವುದಿಲ್ಲ. ಆದರೆ ಅವು ಹರಡಿಕೊಂಡ ಆಕಾರ ಉರುಟಲ್ಲ, ಹರಳಿನ ಒಂದು ಅಕ್ಷಕ್ಕೆ ಕಚ್ಚಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಕಬ್ಬಿಣ ಬಲದ ಎತ್ತು, ನಿಯೋಡಿಮಿಯಂ ಅದರ ಮೂಗುದಾರ.

ಬಿಸಿಲಿಗೂ ಕಾಂತತೆಗೂ ಏನು ನಂಟೆಂಬುದನ್ನು ಗ್ಯಾಡೊಲಿನಿಯಂ ಎಂಬ ಇನ್ನೊಂದು ವಿರಳ ಲೋಹ ತೋರಿಸಿಕೊಡುತ್ತದೆ. ಅದರ ಕಾಂತತೆ ಅಳಿಯುವ ಗಡಿ ಸುಮಾರು 20 ಡಿಗ್ರಿ. ದತ್ತ ಜಯಂತಿಯ ಹೊತ್ತಿನ ಚಳಿಯ ಮುಂಜಾನೆ ಗಾಣಗಾಪುರದಲ್ಲಿ ಅದರ ತುಂಡು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟೀತು. ನಲವತ್ತು ದಾಟುವ ಬೇಸಿಗೆಯ ಮಧ್ಯಾಹ್ನ ಆ ಹಿಡಿತ ಇರುವುದಿಲ್ಲ.

ನಿಯೋಡಿಮಿಯಂ ಅಯಸ್ಕಾಂತದ ಗಡಿ ಸುಮಾರು 310 ಡಿಗ್ರಿ. ಆದರೂ ಸಾದಾ ದರ್ಜೆಯದು 80 ಡಿಗ್ರಿಯ ಆಸುಪಾಸಿನಲ್ಲೇ ಸೋಲತೊಡಗುತ್ತದೆ. ಮೋಟಾರಿನ ಒಳಗಿನ ಕಾವು ಅದನ್ನು ಮೀರಬಲ್ಲದು. ಅದಕ್ಕೇ ಡಿಸ್ಪ್ರೋಸಿಯಂ ಎಂಬ ಮತ್ತೊಂದು ವಿರಳ ಲೋಹವನ್ನು ಸ್ವಲ್ಪ ಸೇರಿಸುತ್ತಾರೆ. ಅದರ ಕಾಂತತೆ ಕಬ್ಬಿಣಕ್ಕೆ ಎದುರು ದಿಕ್ಕಿನದು, ಆದ್ದರಿಂದ ಒಟ್ಟು ಸೆಳೆತ ತುಸು ತಗ್ಗುತ್ತದೆ, ದಿಕ್ಕು ಬಿಡದ ಹಟ ಮಾತ್ರ ಹೆಚ್ಚುತ್ತದೆ. ಅಂದರೆ ಮೋಟಾರು ತಯಾರಕರು ಹೆಚ್ಚು ಬೆಲೆ ತೆರುವುದು ಸೆಳೆತಕ್ಕಲ್ಲ, ಹಟಕ್ಕೆ.

2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದ ಏಳು ಧಾತುಗಳಲ್ಲಿ ಡಿಸ್ಪ್ರೋಸಿಯಂ ಇದೆ, ನಿಯೋಡಿಮಿಯಂ ಇಲ್ಲ. ಕೇರಳ, ತಮಿಳುನಾಡು, ಒಡಿಶಾ ಕಡಲತೀರಗಳ ಮೊನಜೈಟ್ ಮರಳಿನಲ್ಲಿ ನಮಗೆ ನಿಯೋಡಿಮಿಯಂ ಸಿಗುತ್ತದೆ, ಡಿಸ್ಪ್ರೋಸಿಯಂ ತೀರಾ ಅತ್ಯಲ್ಪ. ಅದನ್ನು ಮಿತವಾಗಿ ಬಳಸುವ ದಾರಿಯೂ ಇದೆ. ಅಯಸ್ಕಾಂತ ದಿಕ್ಕು ತಪ್ಪುವುದು ಸಾಮಾನ್ಯವಾಗಿ ಅದರ ಸೂಕ್ಷ್ಮ ಹರಳುಗಳ ಅಂಚಿನಿಂದ. ಹಾಗಾಗಿ ಇಡೀ ಮುದ್ದೆಗೆ ಬೆರೆಸುವ ಬದಲು ಅಂಚಿಗಷ್ಟೇ ಡಿಸ್ಪ್ರೋಸಿಯಂ ಇಳಿಸುವ ವಿಧಾನ ಬಳಕೆಗೆ ಬಂದಿದೆ. ಅಷ್ಟೇ ತಾಪ ತಡೆಯಲು ಈಗ ಮೊದಲಿಗಿಂತ ಕಡಿಮೆ ಲೋಹ ಸಾಕು.