ಬೋರ್ ನೀರಿಗೆ ಜಗ್ಗದ ಅಂಟುವಾಳ

ಬೆಂಗಳೂರಿನ ಅಟ್ಟೂರು ಲೇಔಟಿನ ಮನೆಯೊಂದರ ಒಡತಿ ಎರಡು ಬಕೆಟ್ ಬೋರ್ ನೀರು ಹಿಡಿದು ನನ್ನ ಮುಂದಿಟ್ಟರು. ಒಂದರಲ್ಲಿ ತಾವೇ ಮಾಡಿದ ಎಣ್ಣೆ ಸೋಪು ಉಜ್ಜಿದರು. ನೊರೆ ಬರಲಿಲ್ಲ, ಒಡೆದ ಹಾಲಿನಂತೆ ಬೂದು ಬಣ್ಣದ ಗಸಿ ತೇಲಿತು. ಇನ್ನೊಂದಕ್ಕೆ ಒಂದು ಲೋಟ ಅಂಟುವಾಳದ ರಸ ಸುರಿದು ಕೈಯಾಡಿಸಿದರು. ಅಲ್ಲಿ ನೊರೆ ಬುಸುಬುಸು ಎದ್ದಿತು. "ಸೋಪಿಂದೇನೂ ತಪ್ಪಿಲ್ಲ ಮೇಡಂ, ನಮ್ಮ ನೀರೇ ಹಿಂಗೆ" ಅಂದರು.

ಮನೆಯಲ್ಲೇ ಸೋಪು ಮಾಡಿ ದುಡ್ಡು ಉಳಿಸುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ನಲ್ಲಿಯಲ್ಲಿ ಯಾವ ನೀರು ಬರುತ್ತದೆ ಎಂದು ಅವರು ಕೇಳುವುದೇ ಇಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದಾದ ಸೋಪು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಅರ್ಧ ಸೋಪು ಬಟ್ಟೆಗೆ ತಾಗುವ ಮೊದಲೇ ಹೋಯಿತು. ಮೊದಲು ನೀರಿಗೆ ವಾಷಿಂಗ್ ಸೋಡಾ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ.

ಅಂಟುವಾಳಕ್ಕೆ ಈ ರಗಳೆಯಿಲ್ಲ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗುವುದಿಲ್ಲ. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ನಮ್ಮ ಹಿರಿಯರು ಇದನ್ನೇ ನಂಬಿದ್ದರು. ಕರಿಬೀಜ ತೆಗೆದುಹಾಕಿ, ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ಕಂದು ರಸ ಸಿದ್ಧ. ಕೆಲವೇ ದಿನಕ್ಕೆ ಹುಳಿಯಾಗುತ್ತದೆ, ಹಾಗಾಗಿ ಆ ಮನೆಯೊಡತಿ ಆಗಾಗ ಸ್ವಲ್ಪಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡುತ್ತಾರೆ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ತಡೆಯಲಾಗದು. ಹುಳಿ ಕಾಫಿಯಂಥ ಅದರ ವಾಸನೆ ನನಗೆ ಯಾವ ಪುಡಿಯ ಸೆಂಟಿಗಿಂತಲೂ ಇಷ್ಟವಾಯಿತು.

ಸೋಪು ಅಂದರೆ ನಮಗೆ ಮೊದಲು ನೆನಪಾಗುವುದು ಮೈಸೂರು ಸ್ಯಾಂಡಲ್: 1916ರ ಸರ್ಕಾರಿ ಕಾರ್ಖಾನೆ, ವಿಶ್ವೇಶ್ವರಯ್ಯ, ಸಾಬೂನು ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದ ಗರಳಪುರಿ ಶಾಸ್ತ್ರಿ, ಯಶವಂತಪುರದ ಬಳಿಯ ಮೆಟ್ರೊ ನಿಲ್ದಾಣದ ಹೆಸರು. ಅದು ಮೈಯ ಸೋಪಾಯಿತು. ಬಟ್ಟೆಗೆ ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆಯಲ್ಲಿ ಬೇಯಿಸುತ್ತಿದ್ದರು. ಆ ಮಣ್ಣಿನ ಸತ್ವವೂ ಸೋಡಾವೇ. 1959ರಲ್ಲಿ ಸರ್ಫ್ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆಯ ಹಿತ್ತಲಲ್ಲಿ ಪುಡಿ ಬೆರೆಸಿ, ಸೈಕಲ್ ಮೇಲೆ ಹೊತ್ತು ಮಾರಿದರು. ಅದೇ ನಿರ್ಮಾ. ಮನೆಯಲ್ಲಿ ಮಾಡಿ ಅಗ್ಗಕ್ಕೆ ಒಗೆಯುವ ಯೋಚನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುವುದಿಲ್ಲ. ಆದರೆ ಅದು ಸೋಪಲ್ಲ, ಡಿಟರ್ಜೆಂಟ್. ಗಡಸು ನೀರಿಗೂ ಒಡೆಯದ ಗುಣ ಅದರದು.

ಮನೆಯಲ್ಲಿ ಮಾಡುವ ಸೋಪಿನ ಲೆಕ್ಕಕ್ಕೆ ಬಂದರೆ, ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಎಣ್ಣೆಯ ಈಗಿನ ಬೆಲೆಗೆ ಹೊಸದನ್ನು ಕೊಂಡು ಬಟ್ಟೆ ಸೋಪು ಮಾಡುವುದು ಶುದ್ಧ ನಷ್ಟ. ಹಬ್ಬದಲ್ಲಿ ಕರಿದು ಉಳಿದ ಸೂರ್ಯಕಾಂತಿ ಎಣ್ಣೆಯಾದರೆ ಕಿಲೋಗೆ ಸುಮಾರು 135 ಗ್ರಾಂ ಸಾಕು, ಸೋಪು ಮೆತ್ತಗಾಗುತ್ತದೆ ಅಷ್ಟೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಕಾಸ್ಟಿಕ್ಕನ್ನೇ ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಇದನ್ನು ಹೇಳಲಾರೆ.

ಸಹಜ ವಸ್ತು ಎಂದಮಾತ್ರಕ್ಕೆ ನಿರಪಾಯ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಸಪೋನಿನ್ ಮೀನಿಗೆ ವಿಷ. ಮೀನು ಹಿಡಿಯಲು ಅಂಥ ಕಾಯಿಗಳನ್ನು ಅರೆದು ನೀರಿಗೆ ಬಿಡುತ್ತಿದ್ದ ರೂಢಿಯೂ ಉಂಟು. ಹಾಗಾಗಿ ಅಟ್ಟೂರು ಕೆರೆಯತ್ತ ಹರಿಯುವ ಚರಂಡಿಗೆ ಅಂಟುವಾಳದಲ್ಲಿ ಒಗೆದ ನೀರನ್ನು ಬಿಡದೆ ಮಣ್ಣಿಗೆ ಸುರಿಯುವುದು ಸರಿ ಎಂದೇ ನನ್ನ ಅನಿಸಿಕೆ. ಆ ಮನೆಯಲ್ಲಿ ಅದು ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ಎಣ್ಣೆ ಸೋಪು ಅಡುಗೆಮನೆಯ ಮಸಿಬಟ್ಟೆಗೆ, ಅಂಟುವಾಳ ದಿನದ ಬಟ್ಟೆಗೆ. ಬಿಳಿ ಯೂನಿಫಾರಮ್ಮಿಗೆ ಮಾತ್ರ ಅವರು ಈಗಲೂ ಅಂಗಡಿಯ ಪುಡಿಯನ್ನೇ ತರುತ್ತಾರೆ.