ಕಡಲಿಲ್ಲದ ಊರಿನ ಮಗಳು ಕಡಲು ಓದಬಹುದೇ?

ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪ್‌ನ ನನ್ನ ಗೆಳತಿ ಮೊನ್ನೆ ಮನೆಗೆ ಬಂದಾಗ ಮುಖ ಸಪ್ಪಗಿತ್ತು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ, ಇವಳಿಗೇನು ಚಿಂತೆ ಅಂದುಕೊಂಡೆ. "ಒಮ್ಮೆನೂ ಸಮುದ್ರ ನೋಡಿಲ್ಲಕ್ಕಾ ಇಕಿ. ಸಮುದ್ರದ ಬಗ್ಗೆನ ಓದ್ತೀನಿ ಅಂತಾಳ. ಅವರಪ್ಪ ನರ್ಸಿಂಗ್ ಸಾಕು ಅಂತಾರ" ಎಂದಳು.

ಬಿ.ಎ. ಓದಿದ ನನಗೂ ಸಮುದ್ರ ಅಂದ್ರೆ ಪ್ರವಾಸದ ಫೋಟೊ ಅಷ್ಟೇ. ಆದರೂ ಒಂದು ವಾರ ಅಲ್ಲಿ ಇಲ್ಲಿ ವಿಚಾರಿಸಿದೆ. ಮಗಳ ಆಸೆಗೆ ಏನು ಹೇಳಬೇಕೋ ತಿಳಿಯದ ಅಮ್ಮಂದಿರಿಗೆ ಉಪಯೋಗವಾದೀತು.

ನಿಜ ಹೇಳಬೇಕೆಂದರೆ ಕಡಲು ನಮಗೆ ದೂರದ್ದಲ್ಲ. ನಮ್ಮ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಆ ಹೊಳೆ ತುಂಬಿಸುವ ಮುಂಗಾರು ಬರುವುದೂ ಕಡಲಿನಿಂದಲೇ. ಸಾಗರ ವಿಜ್ಞಾನಿ ಅದಿತಿ ಪಂತ್ ಹುಟ್ಟಿದ್ದು ಕಡಲೇ ಇಲ್ಲದ ನಾಗಪುರದಲ್ಲಿ. 1983ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ಭಾರತದ ತಂಡದಲ್ಲಿ ಅವರಿದ್ದರು. ಜೊತೆಗಿದ್ದವರು ಬಂಗಾಳದ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳೆಯರು ಇವರೇ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಮನೆತನದ ನನ್ನ ಗೆಳತಿ ಆ ಹೆಸರು ಕೇಳಿ ಕಣ್ಣರಳಿಸಿದಳು!

ಕೆಲಸಕ್ಕೂ ಕಡಲ ತೀರವೇ ಬೇಕೆಂದಿಲ್ಲ. ಮೀನುಗಾರರಿಗೆ ಮೀನು ಸಿಗುವ ಜಾಗ, ಅಲೆಗಳ ಎತ್ತರ ತಿಳಿಸುವ 'ಇನ್‌ಕಾಯಿಸ್' ಸಂಸ್ಥೆ 1999ರಿಂದ ಹೈದರಾಬಾದಿನಲ್ಲಿದೆ. 2004ರ ಸುನಾಮಿಯ ನಂತರ, 2007ರಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಅಲ್ಲೇ ಶುರುವಾಯಿತು. ಸಿಂಧನೂರಿನಿಂದ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ!

ಅಮ್ಮಂದಿರೇ, ಇವು ಗೊತ್ತಿರಲಿ:

* ಪಿಯುಸಿಯಲ್ಲಿ ಪಿಸಿಎಂಬಿ ಕೊಡಿಸಿ. ಜೀವವಿಜ್ಞಾನ, ಎಂಜಿನಿಯರಿಂಗ್ ಎರಡೂ ದಾರಿ ತೆರೆದಿರುತ್ತವೆ.

* ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಇದೆ. ಪ್ರವೇಶ ಸಿಇಟಿ ಮೂಲಕ.

* ಬಿ.ಎಸ್ಸಿ. ಮುಗಿಸಿದರೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ, ಮಂಗಳೂರು ವಿ.ವಿ.ಯಲ್ಲಿ ಕಡಲ ಭೂವಿಜ್ಞಾನ ವಿಭಾಗಗಳಿವೆ. ಆ ವರ್ಷ ಪ್ರವೇಶ ಇದೆಯೇ, ಹಾಸ್ಟೆಲ್ ಸಿಗುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ.

* ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದರೆ ಪಿಎಚ್.ಡಿ. ಮಾಡುವಾಗಲೇ ಫೆಲೋಶಿಪ್ ಬರುತ್ತದೆ. 2023ರಿಂದ ಅದು ತಿಂಗಳಿಗೆ 37 ಸಾವಿರ ರೂಪಾಯಿ.

* ಈ ಕ್ಷೇತ್ರದವರ ಒಡನಾಟ ಬೇಗ ಬೆಳೆಯಲಿ. 1958ರಲ್ಲಿ ಶುರುವಾದ ಭಾರತೀಯ ಸಾಗರ ಜೀವವಿಜ್ಞಾನ ಸಂಘ ಕೊಚ್ಚಿಯಲ್ಲಿದೆ. ಇಂಥ ಸಂಘಗಳ ಸಮ್ಮೇಳನಗಳಲ್ಲಿ ಗೈಡ್ ಸಿಗುತ್ತಾರೆ, ಖಾಲಿ ಹುದ್ದೆಗಳ ಸುದ್ದಿಯೂ ಕಿವಿಗೆ ಬೀಳುತ್ತದೆ.

ಕಷ್ಟವನ್ನೂ ಮುಚ್ಚಿಡಬಾರದು. ಕಾಯಂ ವಿಜ್ಞಾನಿ ಹುದ್ದೆಗಳು ಕಡಿಮೆ, ಮೊದಲ ಕೆಲವು ವರ್ಷ ಪ್ರಾಜೆಕ್ಟ್ ಕೆಲಸವೇ ಗತಿಯಾದೀತು. ಬೇಗ ಸಂಬಳ ಬೇಕೇಬೇಕು ಎನ್ನುವ ಮನೆಗೆ ಬಿ.ಎಫ್.ಎಸ್ಸಿ. ವಾಸಿ. ಮೀನುಗಾರಿಕೆ ಇಲಾಖೆ, ಮೀನುಮರಿ ಕೇಂದ್ರ, ರಫ್ತು ಕಂಪನಿಗಳಲ್ಲಿ ಅವಕಾಶವಿದೆ, ಒಳನಾಡಿನಲ್ಲೂ ಕೆಲಸ ಹುಡುಕಬಹುದು. ಇದನ್ನೆಲ್ಲ ಮಗಳ ಎದುರೇ ಕೂತು ಮಾತಾಡಿ. ಅವಳ ಬೆನ್ನ ಹಿಂದೆ ತೀರ್ಮಾನ ಬೇಡ.

ಗೆಳತಿ ಹಾಗೇ ಮಾಡಿದಳು. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಪಿಸಿಎಂಬಿಗೆ ಮಾತ್ರ ಹೂಂ ಅಂದಿದ್ದಾರೆ. ದಸರಾ ರಜೆಯಲ್ಲಿ ಕಾರವಾರಕ್ಕೆ ಹೋಗಿ ಆ ವಿಭಾಗ ನೋಡಿ ಬರೋಣ ಅಂತ ಹುಡುಗಿ ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: "ಸಮುದ್ರ ನೋಡೂದಾದ್ರ ಒಬ್ಬಾಕೀನ ಯಾಕ? ಎಲ್ಲಾರೂ ಹೋಗೂಣು."